ಸಂಪಾದಕರ ಉತ್ತರ: ರೇಟು ಇಳಿಸುವ ಮುಂಚೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಟೀ ಶರ್ಟ್ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಓದುಗರೊಬ್ಬರ ಪತ್ರ ಬಂದಿದೆ. ಅವರು ಸ್ಕ್ರೀನ್ ಪ್ರಿಂಟಿಂಗ್ (ಜಾಲರಿ ಚೌಕಟ್ಟಿನ ಮೂಲಕ ಬಟ್ಟೆಗೆ ಇಂಕು ಒತ್ತುವುದು) ಮಾಡುತ್ತಾರೆ, ಶರ್ಟಿಗೆ 250 ರೂಪಾಯಿ. ಪಕ್ಕದ ಓಣಿಯಲ್ಲಿ ಡಿಟಿಎಫ್ ಮಷಿನ್ (ಡಿಸೈನನ್ನು ಫಿಲ್ಮ್ ಮೇಲೆ ಪ್ರಿಂಟ್ ಮಾಡುವಂಥದ್ದು, ಆಮೇಲೆ ಅದನ್ನು ಬಿಸಿಯಲ್ಲಿ ಬಟ್ಟೆಗೆ ಒತ್ತುತ್ತಾರೆ) ತಂದವರು 190ಕ್ಕೆ ಕೊಡುತ್ತಿದ್ದಾರೆ. ತಾನೂ ರೇಟು ಇಳಿಸಲಾ, ಇಲ್ಲಾ ಸಾಲ ಮಾಡಿ ಅದೇ ಮಷಿನ್ ತರಲಾ ಅಂತ ಕೇಳಿದ್ದಾರೆ.

ಎರಡೂ ಬೇಡ ಸರ್. ಸದ್ಯಕ್ಕಂತೂ ಬೇಡ.

ನೀವೇ ಬರೆದ ಲೆಕ್ಕ ನೋಡ್ರಿ. ತಿರುಪ್ಪೂರಿನ ಪ್ಲೇನ್ ಶರ್ಟ್ 120, ಇಂಕು ಗಿಂಕು ಸೇರಿ 30. 250ಕ್ಕೆ ಮಾರಿದರೆ ಶರ್ಟಿಗೆ 100 ಉಳಿಯುತ್ತದೆ, 30 ಶರ್ಟಿನ ಆರ್ಡರ್‌ಗೆ 3000. 190ಕ್ಕೆ ಇಳಿಸಿದರೆ ಉಳಿಯುವುದು ಬರೀ 1200. ಎರಡು ಶರ್ಟ್ ಕೆಟ್ಟವು ಅಂದ್ಕೊಳ್ಳಿ, 300 ಹೋಯ್ತು. ಹುಡುಗನ ಒಂದು ದಿನದ ಪಗಾರ 500. ಕೊನೆಗೆ ಕೈಯಲ್ಲಿ 400, ಅದರಲ್ಲೇ ಬಾಡಿಗೆ, ಕರೆಂಟು. ಮೊದಲಿನ 3000 ಬರಬೇಕಾದರೆ 75 ಶರ್ಟ್ ಹೊಡೆಯಬೇಕು. ಅಷ್ಟು ಗಿರಾಕಿ ಎಲ್ಲಿಂದ ಬರ್ತಾರೆ?

ಇನ್ನು ಮಷಿನ್ ವಿಷಯ. ಡಿಟಿಎಫ್‌ನಲ್ಲಿ ಬಿಳಿ ಇಂಕೇ ದೊಡ್ಡ ತಲೆನೋವು. ಸುಮ್ನೆ ಬಿಟ್ಟರೆ ಅದರ ಪುಡಿ ತಳಕ್ಕೆ ಕೂರುತ್ತದೆ, ಇಂಕು ಚಿಮ್ಮುವ ಹೆಡ್ ಕಟ್ಟಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು ಬೇರೆ, ಇಂಕು ಇನ್ನೂ ಬೇಗ ಒಣಗುತ್ತದೆ. ಹಾಗಾಗಿ ಕೆಲಸ ಇರಲಿ ಬಿಡಲಿ, ದಿನಾ ಮಷಿನ್ ಓಡಿಸಬೇಕು. ಪಕ್ಕದವರು 190ಕ್ಕೆ ಕೊಡುತ್ತಿರುವುದಕ್ಕೆ ಅದೂ ಒಂದು ಕಾರಣ ಇರಬಹುದು, ಕಂತು ಕಟ್ಟಲು, ಮಷಿನ್ ಓಡಿಸಲು ಅವರಿಗೆ ದಿನಾ ಆರ್ಡರ್ ಬೇಕಲ್ವಾ? ಆ ರೇಟು ನೋಡಿ ನೀವು ಗಾಬರಿಯಾಗಬೇಡಿ.

ಐದು ಶರ್ಟ್, ಹತ್ತು ಬಣ್ಣದ ಫೋಟೋ ಅಂತ ಬಂದರೆ ಅದು ಡಿಟಿಎಫ್ ಕೆಲಸವೇ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡುತ್ತಾ ಕೂತರೆ ನಿಮಗೆ ನಷ್ಟ. ಪ್ರಿಂಟಾದ ಫಿಲ್ಮ್ ಮೀಟರ್ ಲೆಕ್ಕದಲ್ಲಿ ಹೊರಗೆ ಸಿಗುತ್ತದೆ, ತರಿಸಿ ನಿಮ್ಮ ಹೀಟ್ ಪ್ರೆಸ್‌ನಲ್ಲೇ ಒತ್ತಿ ಕೊಡಿ. ನೂರು, ಇನ್ನೂರು ಶರ್ಟ್, ಒಂದೆರಡು ಬಣ್ಣ ಇದ್ದಾಗ ನಿಮ್ಮ ಸ್ಕ್ರೀನ್‌ಗೆ ಸಾಟಿ ಇಲ್ಲ, ಸ್ಕ್ರೀನಿನ ಖರ್ಚು ಅಷ್ಟೂ ಶರ್ಟಿಗೆ ಹಂಚಿ ಹೋಗುತ್ತದೆ. ಶಾಲೆಗಳ ಕ್ರೀಡಾಕೂಟ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಶರಣಬಸವೇಶ್ವರ ಜಾತ್ರೆಯ ಸೇವಾ ತಂಡಗಳು, ಇಂಥ ಕಡೆ ಎರಡು ತಿಂಗಳು ಮುಂಚೆಯೇ ಹೋಗಿ ಮಾತಾಡಿ.

ಒಂದು ಕೆಲಸ ಮಾತ್ರ ಬಿಡಬೇಡಿ. ಸ್ಕ್ರೀನ್ ಪ್ರಿಂಟಿಂಗ್‌ಗೆ ಹಾಕುವ ಪ್ಲಾಸ್ಟಿಸಾಲ್ ಇಂಕು (ಕಾಯಿಸಿದರೆ ಮಾತ್ರ ಗಟ್ಟಿಯಾಗುವಂಥದ್ದು) ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಒಳಗಿನ ತನಕ ಬೇಯಬೇಕು. ಸರಿಯಾಗಿ ಬೇಯದಿದ್ದರೆ ಮೇಲೆ ಮುಟ್ಟಿದಾಗ ಒಣಗಿದಂತೆಯೇ ಇರುತ್ತದೆ, ಆದರೆ ಬಟ್ಟೆ ಎಳೆದರೆ ಬಿರುಕು ಬಿಡುತ್ತದೆ. ಪ್ರತಿ ಆರ್ಡರ್‌ನ ಮೊದಲ ಶರ್ಟನ್ನು ಗಿರಾಕಿಯ ಎದುರೇ ಎಳೆದು ತೋರಿಸಿ. 250 ಯಾಕೆ ಅಂತ ಅವರು ಮತ್ತೆ ಕೇಳುವುದು ಕಡಿಮೆಯಾಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಳವಳ ಆಗಿದ್ದು ಉದ್ರಿ. ಒಂದು ಶಾಲೆಯಿಂದ ನಾಲ್ಕು ತಿಂಗಳಿಂದ ದುಡ್ಡು ಬಂದಿಲ್ಲ ಅಂದಿದ್ದೀರಿ. ಅದೇ ದುಡ್ಡಿಗೆ ನೀವು ಬಡ್ಡಿ ಕಟ್ಟುತ್ತಿದ್ದೀರಿ! ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇಲ್ಲದಿದ್ದರೆ ಈ ವಾರವೇ ಮಾಡಿಸಿ, ಆನ್‌ಲೈನ್‌ನಲ್ಲಿ ಆಗುತ್ತದೆ, ಫೀಸು ಇಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಮುಂದಿನ ಬಿಲ್‌ಗಳಲ್ಲಿ ನೋಂದಣಿ ನಂಬರ್ ಹಾಕಿ, ಅರ್ಧ ಅಡ್ವಾನ್ಸ್ ಬಾರದೆ ಪ್ಲೇನ್ ಶರ್ಟ್ ತರಿಸಲೇಬೇಡಿ.