ಕ್ಯಾಂಪಿಗೆ ಕಳ್ಸಿದ್ರೆ ಬರೀ ಪಾದ ಬಿಡಿಸ್ಕೊಂಡು ಬಂದ್ಲು!

ಪ್ರಶ್ನೆ: ಮೇಡಂ, ರಜೆ ಇತ್ತಲ್ಲ ಅಂತ ಎಂಟು ವರ್ಷದ ಮಗಳನ್ನ ಮ್ಯೂಸಿಯಂನಲ್ಲಿ ನಡೆಯೋ ಮಕ್ಕಳ ಚಿತ್ರಕಲಾ ಶಿಬಿರಕ್ಕೆ ಸೇರಿಸಿದ್ವಿ. ಐದು ದಿನ ಹೋಗಿ ಬಂದ್ಲು, ಫೈಲ್ ತೆಗೆದು ನೋಡಿದ್ರೆ ಒಂದೂ ಪೂರ್ತಿ ಚಿತ್ರ ಇಲ್ಲ. ಆರು ಹಾಳೆ ತುಂಬ ಯಾವುದೋ ಕಲ್ಲಿನ ವಿಗ್ರಹದ ಪಾದ, ಅದೂ ಒಂದೇ ಪಾದ. ನಮ್ಮ ನಾದಿನಿ ಮಗ ಡ್ರಾಯಿಂಗ್ ಕ್ಲಾಸಿಗೆ ಹೋಗ್ತಾನೆ, ಫ್ರೇಮ್ ಹಾಕಿಸೋ ಹಾಗೆ ಸೀನರಿ ಮಾಡ್ಕೊಂಡು ಬರ್ತಾನೆ. ಹಾಳೆಗಳ ಫೋಟೋ ಕಳಿಸ್ತಿದ್ದೀನಿ, ನೋಡಿ ಹೇಳಿ, ನಾವು ದುಡ್ಡು ದಂಡ ಮಾಡ್ಕೊಂಡ್ವಾ?

ಉತ್ತರ: ಖಂಡಿತ ಇಲ್ಲಮ್ಮ. ಆ ಆರು ಹಾಳೆನ ಮಾತ್ರ ದಯವಿಟ್ಟು ರದ್ದಿಗೆ ಹಾಕ್ಬೇಡಿ.

ಎರಡು ಬೆಟ್ಟ, ಮಧ್ಯೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ನದಿ, ಈ ಸೀನರಿ ಬಿಡಿಸೋಕೆ ಮಗು ಏನನ್ನೂ ನೋಡ್ಬೇಕಾಗಿಲ್ಲ, ಕಣ್ಮುಚ್ಕೊಂಡೂ ಬರುತ್ತೆ, ನಿಮಗೂ ಬರುತ್ತೆ ನನಗೂ ಬರುತ್ತೆ. ನಾದಿನಿ ಮಗನ ಬಗ್ಗೆ ನನಗೇನೂ ಬೇಜಾರಿಲ್ಲ, ಕೈ ಪಳಗುತ್ತೆ, ಒಳ್ಳೇದೇ. ಆದ್ರೆ ಮ್ಯೂಸಿಯಂಗೆ ಮಕ್ಕಳನ್ನ ಕರ್ಕೊಂಡು ಹೋಗೋದೇ ಕಣ್ಣಿಗೋಸ್ಕರ, ಕೈ ಆಮೇಲೆ.

ನೀವು ಕಳಿಸಿದ ಫೋಟೋಗಳನ್ನ ಸಾಲಾಗಿ ಇಟ್ಟು ನೋಡ್ದೆ. ಮೊದಲ್ನೇದ್ರಲ್ಲಿ ಐದೂ ಬೆರಳು ಒಂದೇ ಸೈಜು, ಬಾಚಣಿಗೆ ಹಲ್ಲು ಇದ್ದಂಗೆ. ಮೂರನೇದ್ರಲ್ಲಿ ಹೆಬ್ಬೆರಳು ದಪ್ಪ ಆಗಿದೆ, ಉಗುರು ಬಂದಿದೆ. ಐದನೇದ್ರಲ್ಲಿ ಪಾದದ ಮೇಲೆ ಗೆಜ್ಜೆ ಇದೆ, ಒಂದು ಕಡೆ ಮಣಿಗಳು ಸವೆದು ಹೋಗಿರೋದನ್ನೂ ಚುಕ್ಕಿ ಇಟ್ಟು ತೋರ್ಸಿದಾಳೆ. ಆರನೇದ್ರಲ್ಲಿ ಕಿರುಬೆರಳೇ ಇಲ್ಲ! ಅಲ್ಲೊಂದು ಒರಟು ಗೆರೆ ಇದೆ ಅಷ್ಟೆ. ನಂಗನ್ಸುತ್ತೆ ಆ ವಿಗ್ರಹದ ಕಿರುಬೆರಳು ಮುರಿದಿದೆ. ಐದು ಹಾಳೆವರೆಗೂ ಅವಳು 'ಕಾಲಿಗೆ ಐದು ಬೆರಳು' ಅಂತ ತನಗೆ ಗೊತ್ತಿರೋದನ್ನ ಬರೆದ್ಲು, ಆರನೇದ್ರಲ್ಲಿ ಎದುರಿಗಿರೋದನ್ನ ಬರೆದ್ಲು.

ಇದು ಸಣ್ಣ ವಿಷಯ ಅಲ್ಲ. ವಿಕ್ಟರ್ ಲೋವೆನ್‌ಫೆಲ್ಡ್ ಅಂತ ಮಕ್ಕಳ ಚಿತ್ರಗಳನ್ನ ವರ್ಷಗಟ್ಟಲೆ ಅಧ್ಯಯನ ಮಾಡಿದ ಕಲಾ ಶಿಕ್ಷಕರು ಇದ್ರು, 1947ರಲ್ಲೇ ಅವರು ಬರೆದಿದ್ದು ಏನಂದ್ರೆ ಏಳರಿಂದ ಒಂಬತ್ತು ವರ್ಷದ ಮಕ್ಕಳು ಕಂಡಿದ್ದಕ್ಕಿಂತ ಗೊತ್ತಿರೋದನ್ನೇ ಬಿಡಿಸ್ತಾರೆ, ಅದಕ್ಕೇ ಕೆಳಗೊಂದು ನೆಲದ ಗೆರೆ, ಮೇಲೊಂದು ಆಕಾಶದ ಪಟ್ಟಿ, ಗೋಡೆ ಇದ್ರೂ ಮನೆ ಒಳಗಿರೋರೆಲ್ಲ ಕಾಣ್ತಾರೆ. ಒಂಬತ್ತು ದಾಟಿದ ಮೇಲೆ 'ನಂಗೆ ಸರಿಯಾಗಿ ಬರಲ್ಲ' ಅನ್ನೋ ಅನುಮಾನ ಶುರುವಾಗುತ್ತೆ. ನಿಮ್ಮ ಮಗಳು ಆ ಹೊಸಿಲಿಗೆ ಹತ್ತಿರ ಇದ್ದಾಳೆ, ಈಗ ಅವಳ ಮುಂದೆ ನಾದಿನಿ ಮಗನ ಫ್ರೇಮ್ ತೋರಿಸೋಕೆ ಹೋಗ್ಬೇಡಿ. ಬೇಕಿದ್ರೆ ಭಾನುವಾರ ಮ್ಯೂಸಿಯಂಗೆ ಹೋಗಿ 'ಯಾವ ಪಾದ, ತೋರ್ಸು' ಅನ್ನಿ, ನಿಮ್ಮ ಕೈ ಹಿಡ್ಕೊಂಡು ನೇರ ಅದರ ಮುಂದೆ ನಿಲ್ಲಿಸ್ತಾಳೆ ನೋಡಿ.

ಪ್ರಶ್ನೆ: ನನ್ನ ಮಗ ವಾಟರ್ ಕಲರ್ ಬಾಕ್ಸ್ ತಗೊಂಡು ಹೋದ್ರೆ ಗ್ಯಾಲರಿ ಬಾಗಿಲಲ್ಲೇ ತೆಗೆಸಿಟ್ರು, ಒಳಗೆ ಪೆನ್ಸಿಲ್ ಮಾತ್ರ ಅಂತೆ. ರೂಮ್ ಬೇರೆ ಕತ್ತಲೆ. ಚಿತ್ರ ಬಿಡಿಸೋ ಕ್ಯಾಂಪಲ್ಲಿ ಇದೇನ್ ರೂಲ್ಸು?

ಉತ್ತರ: ಬಾಗಿಲಲ್ಲಿದ್ದೋರ ಮೇಲೆ ಸಿಟ್ಟಾಗ್ಬೇಡಿ ಸರ್, ಬಹಳಷ್ಟು ಮ್ಯೂಸಿಯಂಗಳಲ್ಲಿ ಇದೇ ನಿಯಮ. ಪೆನ್ಸಿಲ್ ಗೀರು ಬಿದ್ರೆ ಹೆಚ್ಚು ಕಮ್ಮಿ ಒರೆಸಿ ತೆಗೀಬಹುದು, ಇಂಕು ಅಥವಾ ಬಣ್ಣದ ನೀರು ಕಲ್ಲಿಗೋ ಬಟ್ಟೆಗೋ ಇಳೀತು ಅಂದ್ರೆ ಮುಗೀತು. ಬೆರಳಿನ ಬೆವರು, ಜಿಡ್ಡು ಕೂಡ ಲೋಹನ ನಿಧಾನಕ್ಕೆ ತಿನ್ನುತ್ತೆ, ಮುಟ್ಬೇಡಿ ಅನ್ನೋದು ಅದಕ್ಕೇ. ಕತ್ತಲೆ ವಿಷಯ: ಕಾಗದದ ಚಿತ್ರ, ಹಳೇ ಬಟ್ಟೆ ಇಟ್ಟಿರೋ ಕಡೆ ಬೆಳಕು ಸುಮಾರು 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ದಾಟದ ಹಾಗೆ ನೋಡ್ಕೋತಾರೆ, ಬೆಳಕಿಗೆ ಮಾಸಿದ ಬಣ್ಣ ವಾಪಸ್ ಬರಲ್ಲ. ಗ್ಯಾಲರಿಲಿ ಸ್ಕೆಚ್ ಮಾಡ್ಕೊಂಡು ಹೊರಗೆ ಬೇರೆ ರೂಮಲ್ಲಿ ಬಣ್ಣ ಹಚ್ಚಿಸೋ ಕ್ಯಾಂಪೇ ಸರಿಯಾದ ಕ್ಯಾಂಪ್. ಬಣ್ಣನೇ ಹಚ್ಚಿಸಲ್ಲ ಅಂದ್ರೆ ಆಗ ಕೇಳಿ, ಆಗ ನಾನೂ ನಿಮ್ಮ ಕಡೆ.

ಪ್ರಶ್ನೆ: ಅಲ್ಲಿರೋ ಚಿತ್ರ ನೋಡಿ ಹಾಗೇ ಬಿಡಿಸೋದು ಕಾಪಿ ಅಲ್ವಾ? ಸ್ವಂತ ಕಲ್ಪನೆ ಹಾಳಾಗಲ್ವಾ?

ಉತ್ತರ: ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನ 1793ರಲ್ಲಿ ಜನರಿಗೆ ತೆರೆದ ಕಾಲದಿಂದಲೂ ಕಲಾವಿದರು ಅಲ್ಲಿ ಸ್ಟ್ಯಾಂಡ್ ಹಾಕ್ಕೊಂಡು ಕಾಪಿ ಮಾಡ್ತಾ ಬಂದಿದಾರೆ, ಈಗಲೂ ಅನುಮತಿ ಕೊಡ್ತಾರೆ. ಅದರಲ್ಲಿ ಒಂದು ಷರತ್ತು ಗಮ್ಮತ್ತಾಗಿದೆ, ಕಾಪಿ ಮೂಲ ಚಿತ್ರದ ಸೈಜಲ್ಲೇ ಇರಬಾರ್ದು. ನಕಲಿನ ಅಸಲಿ ಅಂತ ಮಾರದೇ ಇರಲಿ ಅಂತ. ದೊಡ್ಡೋರೇ ಹೀಗೆ ಕಲಿತಿರುವಾಗ ಮಗು ಎರಡು ದಿನ ನೋಡ್ಕೊಂಡು ಬರೆದ್ರೆ ಕಲ್ಪನೆ ಎಲ್ಲೂ ಹೋಗಲ್ಲ ಬಿಡಿ. ಟೀಚರ್ ಬೋರ್ಡ್ ಮೇಲೆ ಬರೆದ ಗಿಳಿನ ಮೂವತ್ತು ಮಕ್ಕಳೂ ಅದೇ ಹಸಿರಲ್ಲಿ ಬರೀತಾರಲ್ಲ, ನನಗೆ ತಕರಾರು ಇರೋದು ಅದರ ಬಗ್ಗೆ.

ಪ್ರಶ್ನೆ: ಐದು ವರ್ಷದ ಮಗು, ಜೊತೆಗೆ ನಾನೂ ಕೂತ್ಕೋಬಹುದಾ?

ಉತ್ತರ: ಮೊದಲ ಅರ್ಧ ಗಂಟೆ ಕೂತ್ಕೊಳ್ಳಿ, ಆಮೇಲೆ ಮೆಲ್ಲಗೆ ಎದ್ದು ಹೋಗಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ವಿಕ್ಟರ್ ಡಿ'ಅಮಿಕೊ ಅನ್ನೋರು 1942ರಲ್ಲಿ ಮಕ್ಕಳಿಗೆ ಅಂತಲೇ ಒಂದು ಕಲಾಮೇಳ ಶುರು ಮಾಡಿದ್ರು, ಅಪ್ಪ ಅಮ್ಮಂದಿರಿಗೆ ಒಳಗೆ ಪ್ರವೇಶ ಇರಲಿಲ್ಲ. ಕೂತಿದ್ರೆ ನಾವು ಸುಮ್ನಿರಲ್ಲ ಅಲ್ವಾ, 'ಆನೆ ಯಾಕೆ ನೀಲಿ ಪುಟ್ಟಾ' ಅಂತ ಬಾಯಿ ಬಿಟ್ಟೇ ಬಿಡ್ತೀವಿ.