ತಾಯಿ ಇನ್ನು ಮನೆಯಲ್ಲಿ ಒಬ್ಬರೇ ಇರೋಕಾಗಲ್ಲ ಅಂತ ಹೇಗೆ ಗೊತ್ತಾಗುತ್ತೆ?
ದಾವಣಗೆರೆಯಲ್ಲಿ 78ರ ತಾಯಿ ಒಬ್ಬರೇ, ನೀವು ಬೆಂಗಳೂರಲ್ಲಿ. ವೃದ್ಧಾಶ್ರಮದ ಮಾತು ಯಾವಾಗ ಎತ್ತಬೇಕು ಅಂತ ಕೇಳಿದ್ದೀರಿ.

ಫೋನಲ್ಲಿ "ಆರಾಮಿದೀನಿ ಬಿಡಪ್ಪ" ಅನ್ನೋದನ್ನ ನೆಚ್ಚಬೇಡಿ. ಹೇಳದೆ ಹೋಗಿ ಎರಡು ದಿನ ಉಳಿಯಿರಿ. ವಿದ್ಯಾನಗರದ ನಮ್ಮ ಸೋದರತ್ತೆ ಮನೆಗೆ ನಾನು ಹಾಗೇ ಹೋದಾಗ ಫ್ರಿಡ್ಜಲ್ಲಿ ತೆರೆಯದ ಐದು ಹಾಲಿನ ಪ್ಯಾಕೆಟ್, ಬಿಪಿ ಮಾತ್ರೆ ಸ್ಟ್ರಿಪ್ ಹಾಗೇ ತುಂಬಿತ್ತು. ಮಂಡಕ್ಕಿ ಒಗ್ಗರಣೆ ಮಾಡೋ ಬಾಣಲೆ ತಳ ಸುಟ್ಟು ಕರಕಲು. ಅವರು ಮಾತ್ರ ನಗುನಗುತ್ತಾ ಕಾಫಿ ಕೊಟ್ಟರು, ಸಕ್ಕರೆ ಬದಲು ಉಪ್ಪು ಹಾಕಿ.

ತಾಯಿಗೆ ಗೊಂದಲ ಶುರುವಾಗಿದ್ದರೆ, ಅದರಲ್ಲೂ ದಿಢೀರನೆ ಆಗಿದ್ದರೆ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ ಇವೆಲ್ಲ ಮರೆವಿನಂತೆಯೇ ಕಾಣುತ್ತವೆ, ಚಿಕಿತ್ಸೆಯೂ ಇದೆ.

ಅದಲ್ಲದಿದ್ದರೆ ಸ್ನಾನ, ಬಟ್ಟೆ, ಶೌಚ, ಊಟ, ಮಂಚದಿಂದ ಏಳೋದು, ಇವುಗಳಲ್ಲಿ ಎಷ್ಟಕ್ಕೆ ಇನ್ನೊಬ್ಬರ ಕೈ ಬೇಕು ನೋಡಿ. ಒಂದೆರಡಕ್ಕಾದರೆ ಹಗಲು ಬರೋ ಸಹಾಯಕಿ ಸಾಕಾಗಬಹುದು. ರಾತ್ರಿಯೂ ಬೇಕು, ಪದೇಪದೇ ಬೀಳ್ತಾರೆ, ಗ್ಯಾಸ್ ಆರಿಸಲ್ಲ, ಬೀದಿಗೆ ಹೋಗಿ ದಾರಿ ತಪ್ತಾರೆ ಅಂದ್ರೆ 24 ಗಂಟೆ ಜನ ಇರೋ ಜಾಗವೇ ಬೇಕು. ಮನೆಯಲ್ಲೇ ಅದನ್ನ ಹೊಂದಿಸೋಕಾದರೆ ಸರಿ, ಆದರೆ ಸಹಾಯಕಿ ರಜೆ ಹಾಕಿದ ದಿನ ಯಾರು?

ಆಶ್ರಮ ನೋಡೋಕೆ ಊಟದ ಹೊತ್ತಿಗೆ ಹೋಗಿ. ಹಾಸಿಗೆ ಹಿಡಿದರೂ ಇಟ್ಕೊಳ್ತಾರಾ ಅಂತ ಮೊದಲೇ ಕೇಳಿ, ಕೆಲವರು ಓಡಾಡೋರನ್ನ ಮಾತ್ರ ಸೇರಿಸ್ಕೊಳ್ತಾರೆ. ಮಾಹಿತಿಗೆ ಹಿರಿಯರ ಸಹಾಯವಾಣಿ 14567, ಉಚಿತ.