ಎರಡು ಹುದ್ದೆಗೆ ಒಂದೇ ಅರ್ಜಿ ಸಲ್ಲದು

ಮಾನ್ಯರೇ,

ಇತ್ತೀಚೆಗೆ ಪಿಎಚ್.ಡಿ. ಮುಗಿಸಿರುವ ತಾವು, ಒಂದೇ ವಿಶ್ವವಿದ್ಯಾಲಯ ಕರೆದಿರುವ ಮೂರು ವರ್ಷದ ಸಂಶೋಧನಾ ಹುದ್ದೆಗೂ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಒಂದೇ ಅರ್ಜಿಯನ್ನು ಕಳುಹಿಸಬಹುದೇ ಎಂದು ಕೇಳಿದ್ದೀರಿ. ಪಾಠದ ಕೆಲಸಕ್ಕೆ ಸೇರಿದರೆ ಸಂಶೋಧನೆ ನಿಂತೇಹೋದೀತೆಂಬ ಅಳುಕನ್ನೂ ತೋಡಿಕೊಂಡಿದ್ದೀರಿ. ಎರಡಕ್ಕೂ ಅರ್ಜಿ ಹಾಕಿ, ಆದರೆ ಬೇರೆಬೇರೆಯಾಗಿ ಬರೆದು ಹಾಕಿ.

ಅವಧಿ ಗೊತ್ತುಮಾಡಿದ ಸಂಶೋಧನಾ ಹುದ್ದೆ ಸಾಮಾನ್ಯವಾಗಿ ಯಾವುದಾದರೊಂದು ಯೋಜನೆಯ ಅನುದಾನದಿಂದ ಹುಟ್ಟಿದ್ದು. ಅನುದಾನ ಮುಗಿದಾಗ ಹುದ್ದೆಯೂ ಮುಗಿಯುತ್ತದೆ. ಸಂಶೋಧನೆಯ ಪ್ರಶ್ನೆಯನ್ನು ಮುಖ್ಯ ಸಂಶೋಧಕರು ಮೊದಲೇ ನಿಶ್ಚಯಿಸಿರುತ್ತಾರೆ. ಆ ಪ್ರಶ್ನೆಗೆ ಬೇಕಾದ ವಿಧಾನ ತಮಗೆ ಕರಗತವಾಗಿದೆಯೇ ಎಂಬುದನ್ನೇ ಅವರು ಅರ್ಜಿಯಲ್ಲಿ ಹುಡುಕುತ್ತಾರೆ. ವಿಭಾಗದ ಸಹಾಯಕ ಪ್ರಾಧ್ಯಾಪಕ ಹುದ್ದೆ ತೆರವಾಗುವುದು ಬಹುಮಟ್ಟಿಗೆ ಯಾರೋ ನಿವೃತ್ತರಾದಾಗ, ಇಲ್ಲವೇ ಒಂದು ವಿಷಯವನ್ನು ಕಲಿಸುವವರು ಇಲ್ಲದಾದಾಗ. ಆದ್ದರಿಂದ ಜಾಹೀರಾತಿನಲ್ಲಿ ಅರ್ಹತೆಯ ಸಾಲುಗಳನ್ನಷ್ಟೇ ನೋಡಿ ಬಿಡದೆ, ಯಾವ ವಿಷಯ ಕಲಿಸಬೇಕು, ವಾರಕ್ಕೆ ಎಷ್ಟು ಗಂಟೆ ಪಾಠ, ಪ್ರೊಬೇಷನ್ ಎಷ್ಟು ಕಾಲ ಎಂಬುದನ್ನು ನಿಧಾನವಾಗಿ ಓದಬೇಕು. ಬರೆದಿಲ್ಲದಿದ್ದರೆ ವಿಭಾಗಕ್ಕೆ ಪತ್ರ ಬರೆದು ಕೇಳುವುದರಲ್ಲಿ ತಪ್ಪೇನಿಲ್ಲ.

ಸಂಪಾದಕನಾಗುವ ಮೊದಲು ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ, ಒಂದು ಆಯ್ಕೆ ಸಮಿತಿಯಲ್ಲಿ ಕುಳಿತು ತಾವು ಹೇಗೆ ಪಾಠ ಮಾಡುತ್ತೇವೆಂದು ಅಭ್ಯರ್ಥಿಗಳು ಅರ್ಜಿಯೊಂದಿಗೆ ಬರೆದುಕೊಟ್ಟ ಬೋಧನಾ ಟಿಪ್ಪಣಿಗಳನ್ನು ಓದಿದ್ದೆ. ಬೋಧನೆಯಲ್ಲಿ ತಮಗೆ ಅಪಾರ ಆಸಕ್ತಿಯಿದೆ ಎಂದು ಹಲವರು ಬರೆದಿದ್ದರು. ಒಬ್ಬರು ಮಾತ್ರ ಒಂದು ತರಗತಿಯ ಕಥೆ ಹೇಳಿದ್ದರು: ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆಯ ಸೂತ್ರ ವಿದ್ಯಾರ್ಥಿಗಳ ತಲೆಗೆ ಹತ್ತದಿದ್ದಾಗ ಅವರು ಹಲಗೆಯ ಮೇಲೆ ಎರಡು ತರಗತಿಗಳ ಅಂಕಗಳನ್ನು ಬರೆದರಂತೆ. ಒಂದರಲ್ಲಿ ಎಲ್ಲರಿಗೂ 50. ಇನ್ನೊಂದರಲ್ಲಿ ಅರ್ಧ ಜನಕ್ಕೆ 10, ಉಳಿದರ್ಧಕ್ಕೆ 90. ಸರಾಸರಿ ಎರಡಕ್ಕೂ ಒಂದೇ. ಹಾಗಾದರೆ ಇವೆರಡೂ ಒಂದೇ ಬಗೆಯ ತರಗತಿಗಳೇ ಎಂದು ಕೇಳಿ, ಚರ್ಚೆ ಕಾವೇರಿದ ಮೇಲೆ ಸೂತ್ರ ಬರೆದರಂತೆ. ಆ ಅರ್ಧ ಪುಟವನ್ನು ಓದಿದಾಗ ಅವರ ತರಗತಿಯಲ್ಲೇ ಕುಳಿತಂತಾಯಿತು. ತಾವೂ ಅಂಥದೊಂದು ಗಳಿಗೆಯನ್ನು ನೆನಪಿಸಿಕೊಂಡು ಬರೆಯಿರಿ.

ಪ್ರಬಂಧಗಳ ಪಟ್ಟಿ ಚಿಕ್ಕದೆಂಬ ಸಂಕೋಚ ಬೇಡ. ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂಬ ಲೆಕ್ಕ) ಹಿಡಿದು ಸಂಶೋಧಕರನ್ನು ಅಳೆಯಬಾರದೆಂದು ಸಂಶೋಧನೆಯ ಮೌಲ್ಯಮಾಪನದ ಬಗ್ಗೆ 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಸ್ಪಷ್ಟವಾಗಿ ಹೇಳಿದೆ. ಎಲ್ಲ ಸಮಿತಿಗಳೂ ಅದನ್ನು ಪಾಲಿಸುತ್ತವೆಂದು ನಾನು ಹೇಳಲಾರೆ. ಆದರೂ ತಮ್ಮ ಎರಡು ಉತ್ತಮ ಪ್ರಬಂಧಗಳು ಏನನ್ನು ಹೊಸದಾಗಿ ತೋರಿಸಿದವೆಂದು ನಾಲ್ಕು ಸಾಲಿನಲ್ಲಿ ವಿವರಿಸಿದರೆ ಅದಕ್ಕೆ ತೂಕವಿರುತ್ತದೆ.

ತಮ್ಮ ಅಳುಕಿನ ವಿಷಯ. ಬೋಧನೆ ಮತ್ತು ಸಂಶೋಧನೆ ಒಟ್ಟಿಗೇ ಸಾಗಬೇಕೆಂಬುದು 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಆರಂಭವಾದಾಗ ಅದರ ಸ್ಥಾಪನೆಯ ಹಿಂದಿದ್ದ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಮುಂದಿಟ್ಟ ವಿಚಾರ, ಮತ್ತು ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಹಾಗೆಂದು ಮೊದಲ ವರ್ಷದ ಕಷ್ಟವನ್ನು ಮರೆಮಾಚಲಾರೆ: ಒಂದು ಗಂಟೆಯ ಹೊಸ ಪಾಠದ ತಯಾರಿಗೆ ಹಲವು ಗಂಟೆ ಹಿಡಿಯುತ್ತದೆ, ಸಂಶೋಧನೆ ಹಿಂದೆ ಬೀಳುತ್ತದೆ. ಹೊಸಬರಿಗೆ ಮೊದಲ ವರ್ಷ ಪಾಠದ ಹೊರೆ ಕಡಿಮೆ ಮಾಡುತ್ತೀರಾ ಎಂದು ಸಂದರ್ಶನದಲ್ಲೇ ಕೇಳಿ. ಅವರು ಕೊಡುವ ಉತ್ತರದಿಂದ ಆ ವಿಭಾಗದ ರೀತಿನೀತಿ ತಮಗೆ ತಿಳಿಯುತ್ತದೆ.

ಶಿಫಾರಸು ಪತ್ರಗಳನ್ನು ಕೊನೆಯ ವಾರದಲ್ಲಿ ಬೇಡಬೇಡಿ. ತಮ್ಮ ಮಾರ್ಗದರ್ಶಕರಿಗೆ ಈಗಲೇ ಎರಡೂ ಜಾಹೀರಾತುಗಳನ್ನು ಕಳುಹಿಸಿ, ಒಂದೊಂದು ಹುದ್ದೆಗೂ ಬೇರೆ ಪತ್ರ ಬೇಕೆಂದು ವಿನಂತಿಸಿಕೊಳ್ಳಿ.

— ಸಂಪಾದಕ